ಕ್ಯಾಲ್ಕುಲೇಟರ್, ಪ್ಲಗ್ ಮೀಟರ್, ಗೋಡೆಯ ಮೀಟರ್: ಮನೆಯ ಇಂಗಾಲದ ಲೆಕ್ಕಕ್ಕೆ ಯಾವುದನ್ನು ನೆಚ್ಚಬಹುದು?

ನಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದನ್ನು ತಿಳಿಯಲು ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದು ನೋಡಿದೆ. ಮೂರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂದುಕೊಂಡಿದ್ದೆ. ಹಾಗಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಜಾಲತಾಣಗಳ ಕ್ಯಾಲ್ಕುಲೇಟರ್, ಮನೆಯ ಬಳಕೆಯ ಮಾಹಿತಿ ತುಂಬಿದರೆ ಇಂಗಾಲದ ಅಂದಾಜು ಕೊಡುವಂಥದ್ದು. ಅದೇ ಮಾಹಿತಿಯನ್ನು ಮೂರು ಕಡೆ ತುಂಬಿದೆ. ಅತಿ ಕಡಿಮೆ ತೋರಿಸಿದ್ದಕ್ಕೂ ಅತಿ ಹೆಚ್ಚು ತೋರಿಸಿದ್ದಕ್ಕೂ ದುಪ್ಪಟ್ಟಿಗಿಂತ ಹೆಚ್ಚಿನ ಅಂತರವಿತ್ತು. ಕಾರಣ ಹುಡುಕಿದಾಗ ತಿಳಿಯಿತು: ಒಂದು ವಿದ್ಯುತ್, ಇಂಧನ, ಪ್ರಯಾಣಗಳನ್ನಷ್ಟೇ ಎಣಿಸಿತ್ತು, ಇನ್ನೊಂದು ಊಟ, ಬಟ್ಟೆ, ಖರೀದಿಯನ್ನೂ ಸೇರಿಸಿತ್ತು, ಮತ್ತೊಂದು ರಸ್ತೆ, ಆಸ್ಪತ್ರೆಗಳಂಥ ಸಾರ್ವಜನಿಕ ವ್ಯವಸ್ಥೆಯಲ್ಲಿ ನಮ್ಮ ಪಾಲನ್ನೂ ಹೊರಿಸಿತ್ತು. ಸಾಲದ್ದಕ್ಕೆ ಒಂದರ ಉತ್ತರ ಇಡೀ ಮನೆಯದು, ಇನ್ನೊಂದರದು ತಲಾ ಲೆಕ್ಕ. ನನಗೆ ಹೆಚ್ಚು ಬೇಸರ ತಂದದ್ದು ಖರೀದಿಯ ಭಾಗ. ಖರ್ಚಿನ ಮೊತ್ತವನ್ನೇ ಹಿಡಿದು ಮಾಲಿನ್ಯ ಎಣಿಸುವುದರಿಂದ, ಹತ್ತು ವರ್ಷ ಬಾಳಿಕೆ ಬರಲೆಂದು ಹೆಚ್ಚು ಹಣ ಕೊಟ್ಟು ತಂದ ವಸ್ತು ಆರು ತಿಂಗಳಿಗೆ ಹಾಳಾಗುವ ಅಗ್ಗದ ವಸ್ತುವಿಗಿಂತ ಕೆಟ್ಟದ್ದಾಗಿ ಕಾಣುತ್ತದೆ.

ಆದರೂ ಕ್ಯಾಲ್ಕುಲೇಟರ್ ಒಂದು ಉಪಕಾರ ಮಾಡಿತು. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಅಂದಾಜು ಕೊಟ್ಟಿತು. ಖಂಡ ದಾಟಿ ಹೋಗಿಬರುವ ಒಂದು ವಿಮಾನಯಾನ ಒಬ್ಬರ ಪಾಲಿಗೇ ಒಂದು ಟನ್ ಮೀರುವುದುಂಟು. ಒಂದು ಮೊಬೈಲನ್ನು ದಿನಾ ಚಾರ್ಜ್ ಮಾಡಿದರೆ ವರ್ಷಕ್ಕೆ 10 ಯೂನಿಟ್ ಕೂಡ ಆಗುವುದಿಲ್ಲ. ಈ ಅಳತೆ ಮನಸ್ಸಿನಲ್ಲಿ ಕೂರದಿದ್ದರೆ ಶ್ರಮವೆಲ್ಲ ತಪ್ಪು ಕಡೆಗೆ ಹೋಗುತ್ತದೆ.

ಎರಡನೆಯದು ಪ್ಲಗ್ ಮೀಟರ್. ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ಪುಟ್ಟ ಯಂತ್ರ. ಎರಡು ವಾರ ಮನೆಯ ತುಂಬ ಅದನ್ನು ಓಡಾಡಿಸಿದೆ. ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯೊಂದು ಆನ್ ಇದ್ದರೂ ರಿಮೋಟಿನಿಂದ ಆಫ್ ಮಾಡಿದರೂ 11 ವ್ಯಾಟ್ ಎಳೆಯುತ್ತಿತ್ತು. ವರ್ಷಕ್ಕೆ 96 ಯೂನಿಟ್, ಯಾರೂ ನೋಡದ ಹೊತ್ತಿನದೂ ಸೇರಿ. ಫ್ರಿಜ್ಜಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಕಂಪ್ರೆಸರ್ ಓಡುವಾಗ ಒಂದು ಸಂಖ್ಯೆ, ನಿಂತಾಗ ಇನ್ನೊಂದು. ಕನಿಷ್ಠ ಒಂದು ಇಡೀ ದಿನ ಬಿಟ್ಟು ಒಟ್ಟು ಯೂನಿಟ್ ನೋಡಿದರಷ್ಟೇ ಅರ್ಥ. ಇದರ ದೊಡ್ಡ ಕೊರತೆ ಎಂದರೆ, ಮನೆಯ ಅತಿ ದೊಡ್ಡ ಬಾಯಿಗಳನ್ನು ಇದು ಮುಟ್ಟಲಾರದು. ನೀರಿನ ಹೀಟರ್ ನೇರವಾಗಿ ಗೋಡೆಯ ತಂತಿಗೆ ಸೇರಿರುತ್ತದೆ, ಒಲೆ ಗ್ಯಾಸಿನದು, ವಾಹನ ಬೀದಿಯಲ್ಲಿದೆ. ಯಂತ್ರದ ಮೇಲೆ ಬರೆದ ಆಂಪಿಯರ್ ಮಿತಿ ದಾಟುವ ಉಪಕರಣವನ್ನು ಅದಕ್ಕೆ ಸಿಕ್ಕಿಸಲೇಬಾರದು.

ಮೂರನೆಯದಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ಗೋಡೆಯ ಮೀಟರ್, ಒಂದು ನೋಟುಪುಸ್ತಕ, ಅಷ್ಟೇ. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿಟುಕು ಎಂದು ಮುದ್ರಿಸಿದೆ. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಎಲ್ಲರೂ ಮಲಗಿದ ಮೇಲೆ, ಫ್ರಿಜ್ ಸದ್ದಿಲ್ಲದಿರುವಾಗ, ಹತ್ತು ನಿಮಿಷ ನಿಂತು ಎಣಿಸಿದೆ: 40. ಅಂದರೆ 75 ವ್ಯಾಟ್, ವರ್ಷಕ್ಕೆ 657 ಯೂನಿಟ್. ಮನೆ ನಿದ್ರಿಸುವಾಗಲೂ ಹರಿಯುವ ಈ ವಿದ್ಯುತ್ತನ್ನು ಯಾವ ಕ್ಯಾಲ್ಕುಲೇಟರೂ ನನಗೆ ತೋರಿಸಿರಲಿಲ್ಲ. ಒಂದೊಂದೇ ಸ್ವಿಚ್ ಆರಿಸುತ್ತ ಹೋದಾಗ ಎಣಿಕೆ ಅರ್ಧಕ್ಕೆ ಇಳಿಯಿತು.

ನಿಜವಾದ ಫಲ ಸಿಕ್ಕಿದ್ದು ಬಿಸಿನೀರಿನಲ್ಲಿ. ಸ್ನಾನದ ನೀರು ಕಾಯುವ ಮೊದಲು ಒಮ್ಮೆ, ಕಾದ ನಂತರ ಒಮ್ಮೆ ಮೀಟರ್ ಓದಿದೆ. 100 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 4 ಯೂನಿಟ್ ಬೇಕೇ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಹೀಟರೂ ಇದನ್ನು ತಗ್ಗಿಸಲಾರದು. ಹೊರಗಾಳಿಯ ಶಾಖವನ್ನು ಎಳೆದು ತರುವ ಹೀಟ್ ಪಂಪ್ ಮಾತ್ರ ಸುಮಾರು ಮೂರನೆಯ ಒಂದು ಭಾಗ ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡಬಲ್ಲದು. ನಾವು ಸದ್ಯಕ್ಕೆ ಷವರಿನ ಬಾಯಿ ಬದಲಿಸಿ ನೀರನ್ನು 60 ಲೀಟರಿಗೆ ಇಳಿಸಿದೆವು, ಯೂನಿಟ್ 2.4ಕ್ಕೆ ಇಳಿಯಿತು. ತೊಟ್ಟಿಯ ಉಷ್ಣತೆಯನ್ನು 60 ಡಿಗ್ರಿಗಿಂತ ತಗ್ಗಿಸುವ ಆಸೆಗೆ ನಾನು ಹೋಗಲಿಲ್ಲ. ನಿಂತ ಬೆಚ್ಚನೆಯ ನೀರಿನಲ್ಲಿ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ನೋಟುಪುಸ್ತಕದಲ್ಲಿ ಇಂಧನಕ್ಕೂ ಒಂದು ಪುಟವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್. ಸುಟ್ಟದ್ದಕ್ಕಿಂತ ಹೊರಬರುವುದೇ ಹೆಚ್ಚು ತೂಗುವುದು ಹೇಗೆ ಎಂದು ಮಗಳು ಕೇಳಿದಳು. ಇಂಗಾಲದ ಪ್ರತಿ 12 ಗ್ರಾಂ ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಕೂಡಿಸಿಕೊಂಡು 44 ಗ್ರಾಂ ಆಗುತ್ತದೆ. ವಿದ್ಯುತ್ತಿನ ಪುಟವೇ ಕಷ್ಟ, ಏಕೆಂದರೆ ಯೂನಿಟ್‌ಗಳೆಲ್ಲ ಒಂದೇ ಅಲ್ಲ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂಕಿಗಳಲ್ಲಿ, ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಎಣಿಸಿದಾಗ, ಕಲ್ಲಿದ್ದಲಿನ ಯೂನಿಟ್ಟಿಗೆ 820 ಗ್ರಾಂ, ಚಾವಣಿಯ ಸೌರಫಲಕದ್ದಕ್ಕೆ 41 ಗ್ರಾಂ. ಇಲ್ಲಿ ಮತ್ತೆ ಕ್ಯಾಲ್ಕುಲೇಟರ್ ಬೇಕಾಗುತ್ತದೆ, ನಿಮ್ಮ ವಿದ್ಯುತ್ ಜಾಲದ ಸರಾಸರಿಯನ್ನು ಅದು ಕೊಡುತ್ತದೆ.

ಒಂದನ್ನೇ ಆರಿಸೆಂದರೆ ನಾನು ನೋಟುಪುಸ್ತಕ ಹಿಡಿಯುತ್ತೇನೆ. ಕ್ಯಾಲ್ಕುಲೇಟರಿನ ಸಂಖ್ಯೆ ನೋಡಿ ಮನೆಯವರು ಹೌದೇ ಎಂದು ಸುಮ್ಮನಾದರು. ಪ್ರತಿ ಭಾನುವಾರ ಬರೆದಿಡುವ ಮೀಟರಿನ ಓದಿನಲ್ಲಿ ವಾರದ ಬಳಕೆ ಕಳೆದ ವಾರಕ್ಕಿಂತ ಐದು ಯೂನಿಟ್ ಏರಿದಾಗ ಏಕೆ ಎಂದು ಅವರೇ ಕೇಳಿದರು. ವಿಮಾನ ಮತ್ತು ಖರೀದಿಗಾಗಿ ವರ್ಷಕ್ಕೊಮ್ಮೆ ಕ್ಯಾಲ್ಕುಲೇಟರ್ ತೆರೆಯುತ್ತೇನೆ, ಪ್ರತಿ ವರ್ಷವೂ ಅದೇ ಒಂದನ್ನು. ಪ್ಲಗ್ ಮೀಟರ್ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾರಿಗೂ ಬೇಕಿಲ್ಲ. ನಮ್ಮದು ಈಗ ಪಕ್ಕದ ಮನೆಯಲ್ಲಿದೆ, ಅಲ್ಲಿಂದ ಮುಂದಿನ ಮನೆಗೆ ಹೋಗಲಿದೆ.