ಬೆರಳ ತುದಿ, ತೋಳಿನ ಬಿಲ್ಲೆ, ಅಪಧಮನಿಯ ರಕ್ತ

ಶಿವಮೊಗ್ಗದ ಐಸಿಯುವೊಂದರಲ್ಲಿ ನಾನು ಶುಶ್ರೂಷಕಿ. ಮಳೆಗಾಲ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಇಲಿಜ್ವರದವರು ಬರುತ್ತಾರೆ. ಕೆಲವರ ಬಿ.ಪಿ. ಕುಸಿದು ಕೈಕಾಲು ತಣ್ಣಗಾಗಿರುತ್ತದೆ. ಅಂಥವರ ರಕ್ತದ ಸಕ್ಕರೆ ಏರಿ ಇನ್ಸುಲಿನ್ ಹರಿಸುವಾಗ ಅದನ್ನು ಯಾವುದರಲ್ಲಿ ನೋಡಬೇಕು? ಬೆರಳ ತುದಿ ಚುಚ್ಚಿ ನೋಡುವ ಗ್ಲುಕೋಮೀಟರ್, ಅಪಧಮನಿಯ ರಕ್ತ ಪರೀಕ್ಷಿಸುವ ಎಬಿಜಿ ಯಂತ್ರ, ತೋಳಿಗೆ ಅಂಟಿಸುವ ಸೆನ್ಸರ್ ಬಿಲ್ಲೆ, ಮೂರನ್ನೂ ಬಳಸಿದ್ದೇನೆ.

ಗ್ಲುಕೋಮೀಟರ್ ಅಗ್ಗ, ಕೆಲವೇ ಸೆಕೆಂಡುಗಳ ಕೆಲಸ, ವಾರ್ಡಿಗೆ ಸಾಕು. ಐಸಿಯುವಿನಲ್ಲಿ ಮಾತ್ರ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಅಡಿಕೆ ಕೊನೆ ಕೊಯ್ಯುತ್ತಿದ್ದ ಒಬ್ಬರ ಕೈ ಇನ್ನೂ ಕಣ್ಣಮುಂದಿದೆ: ಗಂಟೆಗೊಮ್ಮೆ ಚುಚ್ಚಿಸಿಕೊಂಡು ಹತ್ತೂ ಬೆರಳ ತುದಿಯಲ್ಲಿ ಕಪ್ಪು ಚುಕ್ಕೆ. ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿತ್ತು, ಹಿಮೋಗ್ಲೋಬಿನ್ 7. ಮೀಟರ್ 198 ತೋರಿಸಿತು. ಅದೇ ಗಳಿಗೆಯಲ್ಲಿ ಅಪಧಮನಿಯ ರಕ್ತದಲ್ಲಿ 151. ರಕ್ತ ಕಡಿಮೆಯಿದ್ದವರಲ್ಲಿ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಅದನ್ನೇ ನಂಬಿ ಇನ್ಸುಲಿನ್ ಏರಿಸಿ ಸಕ್ಕರೆ ತೀರಾ ಇಳಿದಿದ್ದರೂ, ವೆಂಟಿಲೇಟರಿನಲ್ಲಿ ಮಲಗಿದ್ದ ಅವರು ತಲೆ ಸುತ್ತುತ್ತಿದೆ ಎಂದು ಹೇಳುವಂತಿರಲಿಲ್ಲ. ಐಸಿಯುವಿನಲ್ಲಿ ಸಕ್ಕರೆಯ ಬಿಗಿ ನಿಯಂತ್ರಣವೇ ಒಳ್ಳೆಯದೆಂಬ ನಂಬಿಕೆಯನ್ನು 2009ರ ನೈಸ್-ಶುಗರ್ ಅಧ್ಯಯನ ಅಲುಗಾಡಿಸಿತು. 6,104 ರೋಗಿಗಳಲ್ಲಿ, ಸಕ್ಕರೆಯನ್ನು 81ರಿಂದ 108ರೊಳಗೆ ಹಿಡಿದಿಡಲು ಹೊರಟ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು.

ಎಬಿಜಿ ಯಂತ್ರದ ಮಾತು ನನಗೆ ಕೊನೆಯ ಮಾತು. ಸಕ್ಕರೆಯೊಂದಿಗೆ ಲ್ಯಾಕ್ಟೇಟ್, ಪೊಟ್ಯಾಸಿಯಂ, ಪಿಎಚ್ ಕೂಡ ಒಂದೇ ಚೀಟಿಯಲ್ಲಿ ಬರುತ್ತವೆ. ಆದರೆ ಪ್ರತಿ ಸಲವೂ ರಕ್ತ ತೆಗೆಯಬೇಕು. ಇನ್ನೊಂದು ಎಚ್ಚರ: ಅಪಧಮನಿಯ ಕೊಳವೆಗೆ ಸಲೈನ್ ಬದಲು ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಹಾಕಿದರೆ ಸಕ್ಕರೆ ಸುಳ್ಳಾಗಿ ಏರಿ ಕಾಣುತ್ತದೆ. ಚೀಲದ ಲೇಬಲ್ ಓದದೆ ನಾನು ಮಾದರಿ ತೆಗೆಯುವುದಿಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ಬಿಲ್ಲೆ ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಬಿ.ಪಿ. ಕುಸಿದಾಗ, ಮೈ ಬಾತಾಗ ಇನ್ನಷ್ಟು ತಪ್ಪಬಹುದು. ವಿಟಮಿನ್ ಸಿ ಹೆಚ್ಚು ಕೊಟ್ಟಿದ್ದರೆ ಕೆಲವು ಬಿಲ್ಲೆಗಳು ಮೋಸ ಹೋಗುತ್ತವೆ. ಆದರೂ ಅದು ನನಗೆ ಬೇಕು. ಮೀಟರ್ ಆ ಕ್ಷಣದ ಅಂಕಿ ಹೇಳಿದರೆ, ಬಿಲ್ಲೆಯ ಬಾಣ ಸಕ್ಕರೆ ಇಳಿಯುತ್ತಿದೆಯೋ ಏರುತ್ತಿದೆಯೋ ಹೇಳುತ್ತದೆ. ಬಾಣ ಕೆಳಗೆ ತಿರುಗಿದರೆ ಗಂಟೆ ಕಾಯದೆ ಎಬಿಜಿಗೆ ಕಳುಹಿಸುತ್ತೇನೆ. ಬಿಲ್ಲೆಯ ಅಂಕಿಯೊಂದನ್ನೇ ನೋಡಿ ಇನ್ಸುಲಿನ್ ಬದಲಿಸಲು ಮಾತ್ರ ಒಪ್ಪುವುದಿಲ್ಲ.

ಒಂದು ರಾತ್ರಿ ಮೂರು ಗಂಟೆಗೆ ಬಿಲ್ಲೆ 58 ಎಂದು ಕೂಗಿತು. ಓಡಿ ಬಂದು ಎಬಿಜಿ ಮಾಡಿದರೆ 124. ಮಗ್ಗುಲು ಬದಲಿಸುವಾಗ ರೋಗಿಯನ್ನು ಬಿಲ್ಲೆಯಿದ್ದ ಎಡತೋಳಿನ ಮೇಲೆಯೇ ಮಲಗಿಸಿದ್ದೆವು. ಒತ್ತಡ ಬಿದ್ದರೆ ಅಂಕಿ ಹೀಗೆ ಸುಳ್ಳಾಗಿ ಇಳಿಯುತ್ತದೆ. ಈಗ ಬಿಲ್ಲೆ ಯಾವ ತೋಳಿನಲ್ಲಿದೆ ಎಂದು ಹಾಸಿಗೆಯ ತಲೆಗಡೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುತ್ತೇನೆ.