ಮಂಡಿ ನೋವಿಗೆ ಇಂಜೆಕ್ಷನ್ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮಂಡಿ ನೋವು ಬಂದು, ದುಡ್ಡು ಕಳೆದುಕೊಂಡು, ಒಂದು ವರ್ಷ ಸುಮ್ನೆ ಹಾಳು ಮಾಡಿಕೊಂಡವನು. ದುಡ್ಡು ಹೋದದ್ದಕ್ಕಿಂತ ಆ ವರ್ಷ ಹೋದದ್ದೇ ಜಾಸ್ತಿ ಹೊಟ್ಟೆ ಉರಿಸುತ್ತದೆ.

ನನಗೆ 56. ಬಲ ಮಂಡಿ. ಶುರುವಾದದ್ದು ಮೆಟ್ಟಿಲು ಇಳಿಯುವಾಗ. ಹತ್ತುವಾಗ ಅಷ್ಟಿರಲಿಲ್ಲ, ಇಳಿಯುವಾಗ ಮಾತ್ರ ಚಿಪ್ಪಿನ ಹಿಂದೆ ಚುಳ್ ಅನ್ನುತ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದರೆ ಹತ್ತು ನಿಮಿಷ ಮಂಡಿ ಬಿಗಿಯಾಗಿರುತ್ತಿತ್ತು, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲ. ಕೂತು ಏಳುವಾಗ ಕಟಕಟ ಸದ್ದು. ನಾನು ಮಾಡಿದ್ದೇನು? ಮಂಡಿಗೆ ಬಿಗಿಯಾದ ಪಟ್ಟಿ (ನೀ-ಕ್ಯಾಪ್) ಹಾಕಿಕೊಂಡೆ. ಮೆಟ್ಟಿಲು ಬಿಟ್ಟೆ. ವಾಕಿಂಗ್ ಬಿಟ್ಟೆ. ಸವೆದ ಟೈರನ್ನು ಕಡಿಮೆ ಓಡಿಸಬೇಕು ಅಲ್ವಾ, ಅದೇ ಲೆಕ್ಕ. ಆದರೆ ಮಂಡಿಯ ಒಳಗೆ ಮೂಳೆ ತುದಿಗೆ ಹೊದಿಕೆಯಾಗಿರುವ ನುಣುಪಾದ ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ, ಕಾಲಿನ ಮೇಲೆ ಭಾರ ಬಿದ್ದು ಬಿಟ್ಟಾಗ ಸ್ಪಂಜಿನ ಹಾಗೆ ಸುತ್ತಲಿನ ದ್ರವವನ್ನು ಹೀರಿಕೊಂಡೇ ಅದು ಬದುಕಬೇಕು, ಅಂದರೆ ಓಡಾಟವೇ ಅದರ ಊಟ ಅನ್ನುವುದು ನನಗೆ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ.

ಈ ಮಧ್ಯೆ ಫೋನಿನಲ್ಲಿ ಜಾಹೀರಾತು ಬರಲು ಶುರುವಾಯಿತು. ‘ಆಪರೇಷನ್ ಇಲ್ಲದೆ ಮಂಡಿ ನೋವಿಗೆ ಶಾಶ್ವತ ಪರಿಹಾರ.’ ಆಪರೇಷನ್ ಅಂದರೆ ನನಗೆ ಮೊದಲೇ ಭಯ. ಆ ಕ್ಲಿನಿಕ್ಕಿಗೆ ಹೋದೆ.

ಒಳಗೆ ಹೋದ ಹತ್ತು ನಿಮಿಷಕ್ಕೆ ಎಕ್ಸ್‌ರೇ. ಅದಾದ ಮೇಲೆ ಡಾಕ್ಟರ್ ಕೋಣೆ. ಅವರು ಪರದೆ ಮೇಲೆ ನನ್ನ ಮಂಡಿಯ ಚಿತ್ರ ದೊಡ್ಡದು ಮಾಡಿ, ಎರಡು ಮೂಳೆಗಳ ನಡುವೆ ಒಂದು ಕೆಂಪು ಗೆರೆ ಎಳೆದು, ‘ನೋಡಿ, ಗ್ರೇಡ್ ಮೂರು, ಇನ್ನು ಸ್ವಲ್ಪ ದಿನ ಬಿಟ್ಟರೆ ಮೂಳೆಗೆ ಮೂಳೆ ಉಜ್ಜುತ್ತದೆ’ ಅಂದರು. ನನ್ನ ಕಣ್ಣು ಆ ಕೆಂಪು ಗೆರೆ ಮೇಲೇ. ಅವರು ನನ್ನ ಮಂಡಿಯನ್ನು ಒಂದು ಸಲವೂ ಮುಟ್ಟಲಿಲ್ಲ ಅನ್ನುವುದು ಹೊಳೆದದ್ದು ಮನೆಗೆ ಬಂದು ಪ್ಯಾಂಟ್ ಬದಲಿಸುವಾಗ. ಪ್ಯಾಂಟ್ ಮಡಿಸಿಯೇ ಇರಲಿಲ್ಲ!

ಈ ಗ್ರೇಡ್ ವಿಷಯ ಸ್ವಲ್ಪ ಹೇಳಬೇಕು. 1957ರಲ್ಲಿ ಕೆಲ್‌ಗ್ರೆನ್, ಲಾರೆನ್ಸ್ ಅನ್ನುವ ಇಬ್ಬರು ಡಾಕ್ಟರುಗಳು ಮಾಡಿದ ಪಟ್ಟಿ ಅದು, ಸೊನ್ನೆಯಿಂದ ನಾಲ್ಕರವರೆಗೆ. ಎಕ್ಸ್‌ರೇಯಲ್ಲಿ ಎಷ್ಟು ಸವೆದಂತೆ ಕಾಣುತ್ತದೆ ಅನ್ನುವುದಷ್ಟೇ ಅದರ ಲೆಕ್ಕ. ಎಷ್ಟು ನೋಯುತ್ತದೆ ಅನ್ನುವುದು ಬೇರೆ ಮಾತು. ಗ್ರೇಡ್ ಮೂರು ಇದ್ದೂ ಆರಾಮಾಗಿ ನಡೆಯುವವರಿದ್ದಾರೆ, ಎಕ್ಸ್‌ರೇ ಚೆನ್ನಾಗಿದ್ದೂ ನೋವಲ್ಲಿ ಒದ್ದಾಡುವವರಿದ್ದಾರೆ. ‘ಮೂಳೆಗೆ ಮೂಳೆ’ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ನಾನು ಕಾಲು ಊರುವುದಕ್ಕೇ ಹೆದರಿಕೊಂಡೆ. ಆ ಹೆದರಿಕೆಯೇ ಅವರ ಬಂಡವಾಳ.

ಡಾಕ್ಟರ್ ಕೋಣೆಯಿಂದ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕೌನ್ಸೆಲರ್ ಅಂತೆ, ಮುಂದೆ ಕ್ಯಾಲ್ಕುಲೇಟರ್. ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಮೂರು ಪಿಆರ್‌ಪಿ, ಆಮೇಲೆ ಮೂರು ಜೆಲ್ (ಇವೆರಡೂ ಏನು ಅಂತ ಮುಂದೆ ಹೇಳುತ್ತೇನೆ), ಎಲ್ಲ ಸೇರಿ ಒಂದು ಪ್ಯಾಕೇಜ್. ‘ಸರ್, ಇವತ್ತೇ ಕಟ್ಟಿದರೆ ರಿಯಾಯಿತಿ, ನಾಳೆ ಬಂದರೆ ಈ ರೇಟ್ ಸಿಗಲ್ಲ.’ ತರಕಾರಿ ತಗೊಳ್ಳುವಾಗ ಎರಡು ಅಂಗಡಿ ಸುತ್ತುವ ಮನುಷ್ಯ ನಾನು. ಅವತ್ತು ಕಾರ್ಡ್ ತೆಗೆದು ಪೂರ್ತಿ ಕಟ್ಟಿಬಿಟ್ಟೆ. ‘ಕಾರ್ಟಿಲೇಜ್ ಮತ್ತೆ ಬೆಳೆಯುತ್ತಾ?’ ಅಂತ ಕೇಳಿದ್ದಕ್ಕೆ ‘ಬೆಳೆಯುತ್ತೆ ಸರ್, ನ್ಯಾಚುರಲ್ ಆಗಿ’ ಅಂದರು. ಬರೆದುಕೊಡಿ ಅಂತ ಕೇಳಿದ್ದರೆ ಚೆನ್ನಾಗಿತ್ತು.

ಮೊದಲ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೂರನೇ ದಿನಕ್ಕೆ ನೋವು ಮಾಯ. ನಿಜ ಹೇಳುತ್ತೇನೆ, ಕುಣಿಯುವುದೊಂದು ಬಾಕಿ. ನಾಲ್ಕು ಜನಕ್ಕೆ ಅಲ್ಲಿಗೇ ಹೋಗಿ ಅಂತ ಹೇಳಿದೆ, ಅವರಲ್ಲಿ ಇಬ್ಬರು ಹೋದರು. ಆ ಪಾಪ ಇನ್ನೂ ತಲೆ ಮೇಲಿದೆ.

ಆದರೆ ಅದೇ ವಾರ ಬಾಯಾರಿಕೆ ವಿಪರೀತ, ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ. ನನಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೆಂಡತಿ ‘ಸುಮ್ನೆ ಒಂದ್ಸಲ ನೋಡಿ’ ಅಂದಳು. ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 318. ಪಟ್ಟಿ ಹಾಳಾಗಿರಬೇಕು ಅಂತ ಇನ್ನೊಂದು ಹಾಕಿದೆ, 311. ನಮ್ಮ ಮಾಮೂಲಿ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, ‘ಸ್ಟೀರಾಯ್ಡ್ ಏನಾದರೂ ತಗೊಂಡಿರಾ?’ ಮಂಡಿಗೆ ಕೊಟ್ಟ ಸ್ಟೀರಾಯ್ಡ್ ಮಂಡಿಯಲ್ಲೇ ಕೂರುವುದಿಲ್ಲ. ಒಂದಿಷ್ಟು ರಕ್ತಕ್ಕೆ ಸೇರುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಇದು ಎಲ್ಲ ಡಾಕ್ಟರುಗಳಿಗೂ ಗೊತ್ತಿರುವ ವಿಷಯ. ಕ್ಲಿನಿಕ್ಕಿನ ಫಾರ್ಮಿನಲ್ಲಿ ‘ಡಯಾಬಿಟಿಸ್: ಇದೆ’ ಅಂತ ನಾನೇ ಟಿಕ್ ಹಾಕಿದ್ದೆ. ಯಾರೂ ಓದಿರಲಿಲ್ಲ. ನಿಮಗೆ ಸಕ್ಕರೆ ಇದ್ದರೆ ಫಾರ್ಮ್ ನಂಬಬೇಡಿ, ಸೂಜಿ ಹಿಡಿದವರಿಗೆ ಬಾಯಲ್ಲೇ ಹೇಳಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ.

ಎರಡು ತಿಂಗಳಾಗುವಷ್ಟರಲ್ಲಿ ನೋವು ವಾಪಸ್. ಸ್ಟೀರಾಯ್ಡ್ ಇಂಜೆಕ್ಷನ್ನಿನ ಗುಣವೇ ಅಷ್ಟು, ಕೆಲವು ವಾರ. ಅದನ್ನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಂಡಿ ಊದಿಕೊಂಡು ಹೆಜ್ಜೆ ಇಡಲಾರದವರಿಗೆ ಅದು ಕೆಲವು ವಾರದ ಬಿಡುವು ಕೊಡುತ್ತದೆ, ಆ ಬಿಡುವಿನಲ್ಲಿ ವ್ಯಾಯಾಮ ಶುರು ಮಾಡಿದರೆ ಲಾಭ ಇದೆ. ನನಗೆ ಆ ಮಾತನ್ನು ಯಾರೂ ಹೇಳಲಿಲ್ಲ. ನಾನು ಆ ಎರಡು ತಿಂಗಳು ಸೋಫಾ ಮೇಲೆ ಕೂತು ಖುಷಿಪಟ್ಟೆ. ಇನ್ನೊಂದು ಸ್ಟೀರಾಯ್ಡ್ ಹಾಕಿಸಿಕೊಳ್ಳಿ ಅಂತ ಹೇಳಿದಾಗ ಅಷ್ಟು ಹೊತ್ತಿಗೆ ಒಂದಿಷ್ಟು ಓದಿಕೊಂಡಿದ್ದೆ. 2017ರಲ್ಲಿ ಒಂದು ಅಧ್ಯಯನ ಬಂದಿದೆ: 140 ಜನ, ಎರಡು ವರ್ಷ, 12 ವಾರಕ್ಕೊಮ್ಮೆ ಇಂಜೆಕ್ಷನ್, ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಬರೀ ಉಪ್ಪುನೀರು. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಸ್ಟೀರಾಯ್ಡ್ ತಗೊಂಡವರ ಕಾರ್ಟಿಲೇಜ್ ಮಾತ್ರ ಜಾಸ್ತಿ ಸವೆದಿತ್ತು. ಬೇಡ ಅಂದೆ.

‘ಸರಿ, ಹಾಗಾದರೆ ಪಿಆರ್‌ಪಿ’ ಅಂದರು. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಮಂಡಿಗೆ ಚುಚ್ಚುವುದು. ನೋಡುವುದಕ್ಕೆ ಬಹಳ ಚೆನ್ನಾಗಿರುತ್ತದೆ. ಕೊಳವೆ ಎತ್ತಿ ದೀಪಕ್ಕೆ ಹಿಡಿದು ‘ಇದೇ ನಿಮ್ಮ ಬಂಗಾರ’ ಅಂದರು. ಅವತ್ತು ರಾತ್ರಿ ಮಂಡಿ ಕುಂಬಳಕಾಯಿ ಹಾಗೆ ಊದಿಕೊಂಡಿತು, ಮಡಿಸಲಾಗದು, ಚಾಚಲಾಗದು. ಫೋನ್ ಮಾಡಿದರೆ ‘ಕೆಲಸ ಮಾಡ್ತಿದೆ ಅಂತ ಅರ್ಥ ಸರ್’. ಹೀಗೆ ಮೂರು ಸಲ. ಮೂರನೆಯದು ಮುಗಿದು ಮೂರು ತಿಂಗಳಾದರೂ ಮೆಟ್ಟಿಲು ಇಳಿಯುವಾಗ ಅದೇ ಚುಳ್. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ, ವಾರಕ್ಕೊಂದರಂತೆ ಮೂರು ಪಿಆರ್‌ಪಿ ಇಲ್ಲವೇ ಮೂರು ಉಪ್ಪುನೀರು, ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ಒಂದು ವರ್ಷದ ಮೇಲೆ ನೋಡಿದರೆ ನೋವಿನಲ್ಲೂ ಕಾರ್ಟಿಲೇಜಿನಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಪಿಆರ್‌ಪಿ ತಯಾರಿಸುವ ವಿಧಾನ ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ಡಾಕ್ಟರುಗಳಲ್ಲೇ ವಾದ ಇನ್ನೂ ಇದೆ. ವಾದ ಮಾಡಲಿ. ನನ್ನ ತಕರಾರು ಇಷ್ಟೇ, ವಾದ ಇನ್ನೂ ಮುಗಿದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ, ‘ಶಾಶ್ವತ’ ಅಂದರು.

ಜೆಲ್ ಅಂದರೆ ಹಯಲುರಾನಿಕ್ ಆಸಿಡ್, ‘ಮಂಡಿಗೆ ಗ್ರೀಸ್’ ಅಂತ ಹೇಳಿ ಹಾಕುವುದು. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಡಾಕ್ಟರುಗಳಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಇದನ್ನು ಕೊಡಬೇಡಿ ಅಂತಲೇ ಬರೆದಿದೆ. ಒಂದು ಹಾಕಿಸಿಕೊಂಡೆ. ಏನೂ ಆಗಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆಮೇಲೆ ಸ್ಟೆಮ್ ಸೆಲ್ ಅಂತ ಶುರು ಮಾಡಿದರು, ಕ್ಯಾಲ್ಕುಲೇಟರ್ ಮತ್ತೆ ಹೊರಗೆ ಬಂತು. ಎದ್ದು ಬಂದೆ. ಉಳಿದ ದುಡ್ಡು ಕೇಳಿದರೆ ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದದ್ದನ್ನು ತೋರಿಸಿದರು: ಕಟ್ಟಿದ ಹಣ ವಾಪಸ್ ಇಲ್ಲ.

ನನಗೆ ಒಳ್ಳೆಯದಾಗಿದ್ದು ಕೊನೆಗೆ ಎಲ್ಲಿ ಗೊತ್ತಾ? ನಮ್ಮ ಮಾಮೂಲಿ ಡಾಕ್ಟರ್ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಅವಳು ಎಕ್ಸ್‌ರೇ ಕವರ್ ಬಿಚ್ಚಲೇ ಇಲ್ಲ. ಟೇಪ್ ತೆಗೆದು ಎರಡೂ ತೊಡೆ ಅಳೆದಳು. ಬಲ ತೊಡೆ ಎಡಕ್ಕಿಂತ ಎರಡೂವರೆ ಸೆಂಟಿಮೀಟರ್ ಸಣ್ಣ. ಆಮೇಲೆ ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರಿ ಅಂದಳು, 30 ಸೆಕೆಂಡಿನಲ್ಲಿ ಎಷ್ಟು ಸಲ ಅಂತ ಎಣಿಸಿದಳು. ಏಳು. ಏಳಕ್ಕೇ ಏದುಸಿರು. ‘ಸರ್, ಎಷ್ಟು ದಿನದಿಂದ ನಡೆಯೋದು ಬಿಟ್ಟಿದ್ದೀರಿ?’ ಅಂತ ಕೇಳಿದಾಗ ಉತ್ತರ ಹೇಳಲು ನಾಚಿಕೆಯಾಯಿತು. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ಸ್ನಾಯು. ನೋವು ಅಂತ ಕಾಲಿಗೆ ಕೆಲಸ ಕೊಡಲಿಲ್ಲ, ಸ್ನಾಯು ಕರಗಿತು, ಸ್ನಾಯು ಕರಗಿದ್ದಕ್ಕೆ ಮಂಡಿ ಮೇಲೆ ಇನ್ನೂ ಭಾರ, ಇನ್ನೂ ನೋವು. ಒಂದು ವರ್ಷ ಎಲ್ಲರೂ ಸೇರಿ ಮಂಡಿಗೆ ಚುಚ್ಚಿದರು, ತೊಡೆ ಕಡೆ ಒಬ್ಬರೂ ನೋಡಲಿಲ್ಲ.

ಅವಳು ಕೊಟ್ಟದ್ದು ತೀರಾ ಸಾದಾ ವ್ಯಾಯಾಮ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಅದನ್ನು ಒತ್ತಿ ಐದು ಎಣಿಸುವುದು. ಮಲಗಿ ಕಾಲು ನೇರ ಎತ್ತುವುದು. ಕುರ್ಚಿಯಿಂದ ಏಳುವುದು, ಕೂರುವುದು, ಕೂರುವಾಗ ಧೊಪ್ ಅಂತ ಬೀಳದೆ ನಿಧಾನಕ್ಕೆ. ಆಮೇಲೆ ಒಂದೇ ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಮಾಡುವಾಗ ಸ್ವಲ್ಪ ನೋಯುತ್ತದೆ, ಮಾರನೇ ದಿನ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿದ್ದರೆ ಪರವಾಗಿಲ್ಲ, ಇಳಿಯದಿದ್ದರೆ ಅವತ್ತು ಜಾಸ್ತಿಯಾಯಿತು ಅಂತ ಲೆಕ್ಕ, ಇದೊಂದೇ ಅವಳ ನಿಯಮ. ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ಇಂಜೆಕ್ಷನ್ ಥರ ಮೂರನೇ ದಿನದ ಮ್ಯಾಜಿಕ್ ಇಲ್ಲಿಲ್ಲ, ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ನಾನೂ ಬಿಡುತ್ತಿದ್ದೆ, ಕಟ್ಟಿಕೊಂಡವಳು ಬಿಡಲಿಲ್ಲ. ಹತ್ತನೇ ವಾರಕ್ಕೆ ಕುರ್ಚಿ ಲೆಕ್ಕ ಹನ್ನೆರಡಕ್ಕೆ ಬಂತು.

ತೂಕವೂ ಇಳಿಸಿದೆ, ಆರು ಕೆ.ಜಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಕಡಿಮೆ ಅಂತ ಅಳೆದು ನೋಡಿದವರ ಲೆಕ್ಕ ಇದೆ. ಆರಕ್ಕೆ ಇಪ್ಪತ್ನಾಲ್ಕು. ಎರಡು ತುಂಬಿದ ಬಕೆಟ್ ನೀರು ಕೆಳಗಿಟ್ಟ ಹಾಗೆ.

ಮಾತ್ರೆ ವಿಷಯ ಬೇಗ ಮುಗಿಸುತ್ತೇನೆ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮಿನ್ ಡಬ್ಬಿ ನಾನೂ ಎರಡು ಮುಗಿಸಿದ್ದೇನೆ. 2006ರಲ್ಲೇ 1,583 ಜನರ ಮೇಲಿನ ದೊಡ್ಡ ಪರೀಕ್ಷೆಯಲ್ಲಿ, ಒಟ್ಟಾರೆ ನೋಡಿದರೆ, ಅದು ಔಷಧವೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಪರವಾಗಿಲ್ಲ, ರಕ್ತಕ್ಕೆ ಸೇರುವುದು ಕಡಿಮೆ. ಅದೇ ಜಾತಿಯ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಪೆಟ್ಟು. ಇನ್ನು ‘ಸೈಡ್ ಎಫೆಕ್ಟ್ ಇಲ್ಲದ’ ಪುಡಿ, ಕ್ಯಾಪ್ಸೂಲ್ ಯಾರಾದರೂ ಕೊಟ್ಟು ಎರಡೇ ದಿನಕ್ಕೆ ನೋವು ಹಾರಿಹೋದರೆ ಖುಷಿಪಡುವ ಮುಂಚೆ ಅನುಮಾನಪಡಿ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೀಲುನೋವಿಗೆ ಮಾರುತ್ತಿದ್ದ ಕೆಲವು ಪೂರಕ ಮಾತ್ರೆಗಳಲ್ಲಿ ಲೇಬಲ್ ಮೇಲೆ ಬರೆಯದ ಡೈಕ್ಲೊಫೆನಾಕ್, ಡೆಕ್ಸಾಮೆಥಾಸೋನ್ ಹಿಡಿದಿತ್ತು. ಎರಡನೆಯದು ಸ್ಟೀರಾಯ್ಡ್. ಅಂಥದ್ದನ್ನು ತುಂಬಾ ದಿನ ತಗೊಂಡಿದ್ದರೆ ಧಡಕ್ಕನೆ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ತೋರಿಸಿ ನಿಲ್ಲಿಸಿ.

ಊರುಗೋಲು ಹಿಡಿಯುವವರಿಗೆ ಒಂದು ಮಾತು, ನೋಯುವ ಕಾಲಿನ ಕಡೆ ಹಿಡಿಯಬೇಡಿ, ಆಚೆ ಕೈಯಲ್ಲಿ ಹಿಡಿಯಿರಿ. ನಾನು ನಾಲ್ಕು ತಿಂಗಳು ತಪ್ಪು ಕೈಯಲ್ಲಿ ಹಿಡಿದು ಓಡಾಡಿದೆ, ಆ ಕ್ಲಿನಿಕ್ಕಿನ ಒಳಗೇ ಓಡಾಡಿದೆ, ಒಬ್ಬರೂ ಸರಿ ಮಾಡಲಿಲ್ಲ.

ಮತ್ತೆ ಇದು ತಮಾಷೆ ಅಲ್ಲ: ಇಂಜೆಕ್ಷನ್ ಆದ ಮೇಲೆ ಮಂಡಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜ್ವರ ಬಂದು, ನೋವು ಗಂಟೆಗಂಟೆಗೆ ಏರುತ್ತಿದ್ದರೆ ‘ಕೆಲಸ ಮಾಡ್ತಿದೆ’ ಅನ್ನುವ ಮಾತು ನಂಬಿ ಮಲಗಬೇಡಿ. ಕೀಲಿಗೆ ಸೋಂಕು ತಗುಲಿರಬಹುದು. ಅಪರೂಪ, ಆದರೆ ತಡ ಮಾಡಿದರೆ ಕೀಲೇ ಹಾಳು. ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಿ ಬದಲಿಸುವ ಆಪರೇಷನ್ನಿಗೆ ದಿನ ಗೊತ್ತಾಗಿದ್ದರೆ, ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳಬೇಡಿ, ಸೋಂಕಿನ ಅಪಾಯ ಜಾಸ್ತಿ.

ಕ್ಲಿನಿಕ್ಕಿಗೆ ಹೋಗುವುದೇ ಆದರೆ ಮೂರು ಮಾತು ಕೇಳಿ. ಇದು ಎಷ್ಟು ವಾರ ಇರುತ್ತೆ? ಇದರ ಜೊತೆ ನಾನು ಯಾವ ವ್ಯಾಯಾಮ ಮಾಡಬೇಕು? ಒಂದೊಂದಕ್ಕೇ ದುಡ್ಡು ಕಟ್ಟಬಹುದಾ? ಮೂರನೆಯದಕ್ಕೆ ಮುಖ ಹೇಗಾಗುತ್ತದೆ ನೋಡಿ.

ಈಗ ನನ್ನ ಮಂಡಿ? ಪೂರ್ತಿ ಸರಿಯಾಗಿಲ್ಲ. ಜಾಸ್ತಿ ನಿಂತ ದಿನ ಸಂಜೆ ನೋಯುತ್ತದೆ, ಚಳಿಯಲ್ಲಿ ಬಿಗಿಯುತ್ತದೆ. ಎಕ್ಸ್‌ರೇ ತೆಗೆದರೆ ಆ ಗ್ರೇಡ್ ಮೂರು ಹಾಗೇ ಇರುತ್ತದೆ. ಆದರೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವುದನ್ನು ಮರೆತು ಇಳಿದುಬಿಟ್ಟಿರುತ್ತೇನೆ, ಕೆಳಗೆ ಬಂದ ಮೇಲೆ ನೆನಪಾಗುತ್ತದೆ. ಬಾಕಿ ಉಳಿದ ಎರಡು ಜೆಲ್ ಬೇಗ ಹಾಕಿಸಿಕೊಳ್ಳಿ, ಅವಧಿ ಮುಗಿಯುತ್ತದೆ ಅಂತ ಕ್ಲಿನಿಕ್ಕಿನಿಂದ ಇವತ್ತೂ ಮೆಸೇಜ್ ಬಂದಿದೆ.