ಗೋಧಿ ಇಲ್ಲದ ಏಷ್ಯನ್ ಸಲಾಡ್: ರೈಸ್ ನೂಡಲ್ಸಾ, ಗ್ಲಾಸ್ ನೂಡಲ್ಸಾ, ನಮ್ಮ ಒತ್ತು ಶ್ಯಾವಿಗೆಯಾ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೂತು ರಾತ್ರಿ ಊಟಕ್ಕೆ ತಿನ್ನುವ ಸಲಾಡ್ ಆದರೆ ನನ್ನ ಓಟು ಒತ್ತು ಶ್ಯಾವಿಗೆಗೆ. ಡಬ್ಬಿಗೆ ಹಾಕಿ ಕಳಿಸಬೇಕಾದರೆ ಹೆಸರುಕಾಳಿನ ಗ್ಲಾಸ್ ನೂಡಲ್ಸ್‌ಗೆ. ಅಂಗಡಿಯ ರೈಸ್ ನೂಡಲ್ಸ್ ಇವೆರಡರ ನಂತರ. ಸಾಸ್‌ನ ವಿಷಯ ಬೇರೆಯೇ ಉಂಟು. ಗೋಧಿ ಬಿಟ್ಟವರಿಗೆ ನೂಡಲ್ಸ್‌ಗಿಂತ ಜಾಸ್ತಿ ಅಪಾಯ ಸೋಯಾ ಸಾಸ್‌ನ ಆ ಕಪ್ಪು ಬಾಟಲಿಯಲ್ಲಿ.

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತದೆ. ಸದ್ಯಕ್ಕೆ ಇದಕ್ಕಿರುವ ಚಿಕಿತ್ಸೆ ಪಥ್ಯ ಒಂದೇ, ಅದೂ ಜೀವನಪೂರ್ತಿ. ಮಂಗಳೂರಿನಲ್ಲಿ ಹುಟ್ಟಿದ್ದು ಒಂದು ಲೆಕ್ಕದಲ್ಲಿ ಅವಳ ಪುಣ್ಯ. ನೀರುದೋಸೆ, ಪುಂಡಿ, ಪತ್ರೊಡೆ, ಕೋರಿರೊಟ್ಟಿ ಎಲ್ಲವೂ ಅಕ್ಕಿಯದ್ದೇ. ಆದರೆ ಕಾಲೇಜಿಗೆ ಹೋಗುವ ಹುಡುಗಿಗೆ ಗೆಳತಿಯರು ಕೆಫೆಯಲ್ಲಿ ತಿನ್ನುವ ಥಾಯ್, ವಿಯೆಟ್ನಾಂ ಸಲಾಡ್ ಕೂಡ ಬೇಕು ಅನಿಸುತ್ತದೆ, ಅಲ್ವಾ? ಅದನ್ನು ಹೊಟ್ಟೆ ತುಂಬುವ ಹಾಗೆ ಮನೆಯಲ್ಲೇ ಮಾಡಿಕೊಡಬೇಕು ಅಂತ ಹಟ ಹಿಡಿದೆ.

ಹಾಗೇ ಒಂದು ಮಾತು. ಹೊಟ್ಟೆ ಸರಿಯಿಲ್ಲ ಅಂತ ಸುಮ್ನೆ ನೀವೇ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಹೋಲಿಕೆ ನ್ಯಾಯವಾಗಿರಲಿ ಅಂತ ತರಕಾರಿ ಎಲ್ಲದಕ್ಕೂ ಒಂದೇ ಇಟ್ಟೆ. ಎಳೆ ಮುಳ್ಳುಸೌತೆ, ಕ್ಯಾರೆಟ್, ಸಣ್ಣಗೆ ಹೆಚ್ಚಿದ ಎಲೆಕೋಸು, ತುರಿದ ಬಪ್ಪಂಗಾಯಿ (ಪಪ್ಪಾಯಿ ಕಾಯಿ), ಕುದಿನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದ ಅಲಸಂಡೆ. ಥಾಯ್ಲೆಂಡಿನ ಸೋಮ್ ತಮ್ ಸಲಾಡ್‌ಗೂ ಎಳೆ ಬಪ್ಪಂಗಾಯಿ, ಅಲಸಂಡೆಗಳೇ ಬೇಕು. ಅವರು ಅಲಸಂಡೆಯನ್ನು ಹಸಿಯಾಗೇ ಕುಟ್ಟಿ ಹಾಕುತ್ತಾರೆ. ನಮ್ಮ ಮನೆಯಲ್ಲಿ ಹಸಿ ವಾಸನೆ ಆಗುವುದಿಲ್ಲ, ಅದಕ್ಕೆ ಕುದಿನೀರು.

ರೈಸ್ ನೂಡಲ್ಸ್ ಸುಲಭ. ತೆಳ್ಳಗಿನದ್ದಾದರೆ ಬಿಸಿನೀರಲ್ಲಿ ಮೂರರಿಂದ ಐದು ನಿಮಿಷ ನೆನೆಸಿ, ತಣ್ಣೀರಲ್ಲಿ ಗಂಜಿ ಹೋಗುವ ಹಾಗೆ ತೊಳೆದು ಬಸಿದರೆ ಆಯಿತು. ಅಗಲದ ಎಳೆಯನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಆಮೇಲೆ ಕುದಿನೀರಲ್ಲಿ ಅದ್ದಿ ತೆಗೆಯುವುದು ಒಳ್ಳೆಯದು. ಆ ಹೊತ್ತಿಗೆ ತಿಂದರೆ ಚೆನ್ನಾಗಿಯೇ ಇರುತ್ತದೆ. ಸಮಸ್ಯೆ ಎರಡು. ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿ ತುಂಡು ತುಂಡಾಗುತ್ತದೆ. ಅನ್ನ ಫ್ರಿಜ್‌ನಲ್ಲಿ ಬಿರುಸಾಗುವುದೂ ಇದೇ ಕಾರಣಕ್ಕೆ, ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿಯುತ್ತದೆ. ಎರಡನೆಯದು, ಅದಕ್ಕೆ ತನ್ನದೇ ಅಂತ ಒಂದು ರುಚಿ ಇಲ್ಲ. ಸಾಸ್ ಕಡಿಮೆಯಾದರೆ ಬಾಯಿಗೆ ಏನೂ ಸಿಗುವುದಿಲ್ಲ. ಪೊಟ್ಟಣದ ಹಿಂಭಾಗವನ್ನೂ ಓದಲೇಬೇಕು. ಅಂಗಡಿಯಲ್ಲಿ ಶ್ಯಾವಿಗೆ ಅಂತ ಕೇಳಿದರೆ ಕೊಡುವುದು ಹೆಚ್ಚಾಗಿ ರವೆಯದ್ದು, ಅಂದರೆ ಗೋಧಿಯದ್ದೇ. ಪಕ್ಕದಲ್ಲೇ ಅಕ್ಕಿಯದ್ದೂ ಇರುತ್ತದೆ, ನೋಡಲಿಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಥರ. ಜಪಾನಿನ ಸೋಬಾ ನೂಡಲ್ಸ್‌ನಲ್ಲೂ ಹೀಗೆಯೇ ಎಚ್ಚರ ಬೇಕು. ಅದನ್ನು ಮಾಡುವ ಬಕ್‌ವೀಟ್‌ ಕಾಳಿನಲ್ಲಿ ಗ್ಲುಟೆನ್ ಇಲ್ಲ, ಆದರೆ ಹೆಚ್ಚಿನ ಸೋಬಾಗಳಲ್ಲಿ ಗೋಧಿ ಹಿಟ್ಟು ಸೇರಿರುತ್ತದೆ.

ಗ್ಲಾಸ್ ನೂಡಲ್ಸ್ ಹೆಸರುಕಾಳಿನ ಪಿಷ್ಟದಿಂದ ಮಾಡಿದ್ದು. ನೆನೆಸಿದ ಮೇಲೆ ಗಾಜಿನ ಹಾಗೆ ಪಾರದರ್ಶಕ. ಬಾಯಲ್ಲಿ ಜಾರುತ್ತದೆ, ಹಲ್ಲಿಗೆ ಸ್ವಲ್ಪ ಎಳೆದ ಹಾಗೂ ಆಗುತ್ತದೆ. ಮರುದಿನ ಮಧ್ಯಾಹ್ನದವರೆಗೂ ಒಡೆಯುವುದಿಲ್ಲ, ಮುದ್ದೆ ಆಗುವುದೂ ಇಲ್ಲ. ಮಗಳ ಡಬ್ಬಿ ಯಾವಾಗಲೂ ಖಾಲಿಯಾಗಿ ಬಂದದ್ದು ಇದನ್ನು ಹಾಕಿದ ದಿನವೇ. ಒಂದೇ ವಿಷಯ, ಇದು ಸಾಸ್ ಕುಡಿಯುತ್ತಲೇ ಇರುತ್ತದೆ. ಬೆಳಿಗ್ಗೆ ಕಲಸಿಟ್ಟರೆ ಮಧ್ಯಾಹ್ನ ಒಣಗಿರುತ್ತದೆ. ಸಾಸನ್ನು ಸಣ್ಣ ಬಾಟಲಿಯಲ್ಲಿ ಬೇರೆ ಕಳಿಸಿ.

ಈಗ ಒತ್ತು ಶ್ಯಾವಿಗೆ. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿಯೇ ಬರೆಯುತ್ತೇನೆ.

ಎರಡು ಪಾವು ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸುತ್ತೇನೆ, ಅರ್ಧ ಬೆಳ್ತಿಗೆ, ಅರ್ಧ ಕುಚ್ಚಲು. ಒಂದು ಹಿಡಿ ತೆಂಗಿನ ತುರಿ ಹಾಕಿ ನುಣ್ಣಗೆ ರುಬ್ಬಿ, ಉಪ್ಪು ಸೇರಿಸಿ, ದಪ್ಪ ತಳದ ಬಾಣಲೆಯಲ್ಲಿ ಕೈ ಬಿಡದೆ ತೊಳಸಬೇಕು. ಹಿಟ್ಟು ತಳ ಬಿಟ್ಟು ಮುದ್ದೆಯಾದಾಗ ಉಂಡೆ ಕಟ್ಟಿ, ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ, ಬಿಸಿ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಇದು ಒಬ್ಬರ ಕೆಲಸ ಅಲ್ಲ. ನಮ್ಮಲ್ಲಿ ಹಿಡಿ ತಿರುಗಿಸುವುದು ಇವರು, ಕೆಳಗೆ ಬಾಳೆಎಲೆ ಹಿಡಿದು ಸುತ್ತ ತಿರುಗಿಸುವುದು ನಾನು. ಉಂಡೆ ಆರಿತೋ, ಹಿಡಿ ಅಲ್ಲಾಡುವುದೇ ಇಲ್ಲ. "ಬೇಗ ಕೊಡು ಮಾರಾಯ್ತಿ, ಆರ್ತದೆ" ಅಂತ ಇವರು, "ಕೈ ಸುಡ್ತದೆ, ಸ್ವಲ್ಪ ನಿಲ್ಲಿ" ಅಂತ ನಾನು. ತೂತುಗಳಿಂದ ಎಳೆಗಳು ಹೊಗೆಯಾಡುತ್ತಾ ಇಳಿದು ಎಲೆಯ ಮೇಲೆ ಸುರುಳಿ ಸುತ್ತಿಕೊಳ್ಳುತ್ತವೆ. ಬಾಳೆಎಲೆಯ ಘಮ ಅದಕ್ಕೆ ಹತ್ತುತ್ತದೆ. ಆ ಘಮ ಯಾವ ಪೊಟ್ಟಣದಲ್ಲೂ ಬರುವುದಿಲ್ಲ.

ಸಲಾಡ್‌ಗಾದರೆ ಫ್ಯಾನಿನ ಕೆಳಗೆ ಪೂರ್ತಿ ಆರಬೇಕು. ಬಿಸಿ ಇರುವಾಗ ಮುಟ್ಟಿದರೆ ಅಂಟುತ್ತದೆ. ಎಳೆ ಮೆತ್ತಗೆ, ಹಾಗಾಗಿ ಕಲಸಲಿಕ್ಕೆ ಹೋಗಬೇಡಿ, ಪುಡಿಯಾಗುತ್ತದೆ. ಅಗಲದ ಬಟ್ಟಲಲ್ಲಿ ಒಂದು ಸುರುಳಿ ಇಟ್ಟು, ಪಕ್ಕದಲ್ಲಿ ತರಕಾರಿ, ಸಿಗಡಿ ಜೋಡಿಸಿ, ಮೇಲಿಂದ ಸಾಸ್ ಸುರಿಯಿರಿ. ವಿಯೆಟ್ನಾಮಿನವರು 'ಬುನ್' ಎನ್ನುವ ಅಕ್ಕಿ ಎಳೆಯ ಮೇಲೆ ಸೊಪ್ಪು, ಹುರಿದ ಮಾಂಸ ಇಟ್ಟು ತಿನ್ನುವುದೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೆ ನಮ್ಮ ಶ್ಯಾವಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ. ಕಾಯಿಹಾಲು ಹೀರಿಕೊಳ್ಳುವ ಹಾಗೆ ಹುಳಿ-ಖಾರದ ಸಾಸನ್ನೂ ಹೀರಿಕೊಳ್ಳುತ್ತದೆ. ಒಳಗಿರುವ ತೆಂಗಿನಿಂದ ಸಣ್ಣ ಸಿಹಿಯೂ ಉಂಟು.

ಗೋಧಿ ಬಿಟ್ಟವರ ಮನೆಗೆ ಇದರ ದೊಡ್ಡ ಲಾಭ ಇನ್ನೊಂದು. ಅಕ್ಕಿಯನ್ನು ತೊಳೆದು ನೆನೆಸಿ ರುಬ್ಬುವವರು ನಾವೇ. ಗಿರಣಿಯ ಅಕ್ಕಿ ಹಿಟ್ಟಿನಲ್ಲಿ ಆ ಭರವಸೆ ಇಲ್ಲ. ಅದೇ ಕಲ್ಲಿನಲ್ಲಿ ಅದಕ್ಕೂ ಮೊದಲು ಯಾರದ್ದೋ ಗೋಧಿ ಬೀಸಿರುತ್ತಾರೆ. ನಮ್ಮ ದೇಶದ ನಿಯಮದ ಪ್ರಕಾರ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಅಷ್ಟು ಸಣ್ಣ ಲೆಕ್ಕದ ಮುಂದೆ ಕಲ್ಲಿಗೆ ಅಂಟಿದ ಹಿಟ್ಟೂ ದೊಡ್ಡದೇ. ಮೈದಾದ ಗೋಳಿಬಜೆ ಕರಿದ ಎಣ್ಣೆಯಲ್ಲಿ ಇವಳ ಹಪ್ಪಳ ಕರಿಯಬಾರದು, ಗೋಧಿ ಹಿಟ್ಟಿನ ಜರಡಿ ಇವಳ ಅಡುಗೆಗೆ ಬರಬಾರದು.

ಇನ್ನು ಸಾಸ್. ಮಾಮೂಲಿ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ ಅಂತ ತುಂಬಾ ಜನರಿಗೆ ಗೊತ್ತೇ ಇಲ್ಲ. ಜಪಾನಿನ ಸಾಂಪ್ರದಾಯಿಕ ಸೋಯಾ ಸಾಸ್‌ಗೆ ಸೋಯಾ, ಗೋಧಿ ಹೆಚ್ಚುಕಡಿಮೆ ಸಮಸಮ ಹಾಕುತ್ತಾರೆ. ಹೊಯ್‌ಸಿನ್, ಆಯ್ಸ್ಟರ್ ಸಾಸ್‌ಗಳಲ್ಲೂ ಆಗಾಗ ಗೋಧಿ ಸಿಗುತ್ತದೆ, ಕೆಲವು ಮಿಸೋಗಳಲ್ಲಿ (ಜಪಾನಿನ ಹುದುಗಿಸಿದ ಸೋಯಾ ಪೇಸ್ಟ್) ಬಾರ್ಲಿ. ಒಮ್ಮೆ ಒಂದು ಹೋಟೆಲಿನಲ್ಲಿ ವಿಚಾರಿಸಿದಾಗ "ಮೈದಾ ಹಾಕುವುದೇ ಇಲ್ಲ ಮೇಡಂ, ಬರೀ ಸೋಯಾ ಸಾಸ್" ಅಂದರು. ಪಾಪ, ಅವರು ಸುಳ್ಳು ಹೇಳಿದ್ದಲ್ಲ. ಅದಕ್ಕೇ ಹೊರಗೆ ತಿನ್ನುವವರು ಬಾಟಲಿಯನ್ನೇ ತೋರಿಸಿ ಅಂತ ಕೇಳಬೇಕು. ನಾಚಿಕೆ ಬೇಡ.

ಬದಲಿಗೆ ಸಿಗುವುದು ತಮಾರಿ. ಇದೂ ಜಪಾನಿನದ್ದೇ, ಬಹುಪಾಲು ಸೋಯಾದಿಂದಲೇ ಮಾಡಿದ್ದು. ಎಲ್ಲ ತಮಾರಿಯೂ ಗೋಧಿ ಮುಕ್ತ ಅಲ್ಲ, ಹಾಗಂತ ಬರೆದಿರುವುದನ್ನೇ ತನ್ನಿ. ಎರಡು ಚಮಚ ತಮಾರಿ, ಒಂದು ಚಮಚ ಎಳ್ಳೆಣ್ಣೆ, ಲಿಂಬೆರಸ, ಶುಂಠಿ, ಚೂರು ಬೆಲ್ಲ. ಗ್ಲಾಸ್ ನೂಡಲ್ಸ್, ಟೋಫುಗೆ ಇದು ಬಹಳ ಚೆನ್ನಾಗಿ ಹಿಡಿಸುತ್ತದೆ. ಒತ್ತು ಶ್ಯಾವಿಗೆಗೆ ಬೇಡ. ಬಿಳಿ ಎಳೆ ಕಂದಾಗುತ್ತದೆ, ತೆಂಗಿನ ಸಿಹಿ ಮುಚ್ಚಿಹೋಗುತ್ತದೆ. ಬೆಲೆಯೂ ಜಾಸ್ತಿ. ತೆಂಗಿನ ಕಳ್ಳಿನಂಥ ರಸದಿಂದ ಮಾಡುವ ಕೋಕನಟ್ ಅಮಿನೋಸ್ ಕೂಡ ತರಿಸಿ ನೋಡಿದೆ. ಬರೀ ಸಿಹಿ. ಮತ್ತೆ ತರಿಸಲಿಲ್ಲ.

ನಮ್ಮಲ್ಲಿ ಗೆದ್ದದ್ದು ಫಿಶ್ ಸಾಸ್. ಅದರ ಮೂಲ ಸರಕು ಸಣ್ಣ ಮೀನು ಮತ್ತು ಉಪ್ಪು, ಅಷ್ಟೇ. ಆದರೂ ಲೇಬಲ್ ನೋಡಿ. ನಾಲ್ಕು ಜನಕ್ಕೆ ಮೂರು ದೊಡ್ಡ ಚಮಚ ಫಿಶ್ ಸಾಸ್, ಅಷ್ಟೇ ಲಿಂಬೆರಸ, ಎರಡೂವರೆ ಚಮಚ ಪುಡಿ ಮಾಡಿದ ತಾಳೆಬೆಲ್ಲ, ಐದಾರು ಚಮಚ ಉಗುರುಬೆಚ್ಚಗಿನ ನೀರು, ಜಜ್ಜಿದ ಬೆಳ್ಳುಳ್ಳಿ, ಖಾರಕ್ಕೆ ಗಾಂಧಾರಿ ಮೆಣಸು. ಬೆಲ್ಲ ಕರಗಿದ ಮೇಲೆ ಬೆರಳಲ್ಲಿ ರುಚಿ ನೋಡಿ. ಮೊದಲು ಹುಳಿ, ಆಮೇಲೆ ಉಪ್ಪು, ಕೊನೆಗೆ ಸಿಹಿ ಬರಬೇಕು. ಬಾಟಲಿ ತೆರೆದಾಗ ಬರುವ ವಾಸನೆಗೆ ಹೆದರಬೇಡಿ. ಒಣಮೀನು ಚಟ್ನಿ ತಿಂದು ಬೆಳೆದವರಿಗೆ ಅದು ಯಾವ ಲೆಕ್ಕ!

ಉಡುಪಿಯಿಂದ ನನ್ನ ಗೆಳತಿ ಬಂದರೆ ಮೀನು ನಡೆಯುವುದಿಲ್ಲ. ಅವಳಿಗೆ ಗಟ್ಟಿ ಹುಣಸೆ ರಸ, ಬೆಲ್ಲ, ಉಪ್ಪು, ಶುಂಠಿ. ಹಿತ್ತಲಲ್ಲಿ ಬಿಂಬುಳಿ ಇದ್ದರೆ ಹುಣಸೆ ಬಿಟ್ಟು ಅದನ್ನೇ ಜಜ್ಜಿ ಹಾಕಿ, ಇನ್ನೂ ತಾಜಾ ಹುಳಿ. ಆದರೆ ಮೇಲಿಂದ ಇಂಗಿನ ಒಗ್ಗರಣೆ ಮಾತ್ರ ಬೇಡ. ಡಬ್ಬಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿ ಅಥವಾ ಮೈದಾ ಬೆರೆಸಿರುತ್ತಾರೆ. ಕೋಸಂಬರಿಯಿಂದ ಸಾರಿನವರೆಗೆ ಇಂಗು ಬೀಳುವ ಊರಲ್ಲಿ ಇದನ್ನು ನೆನಪಿಡಬೇಕು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಹುಡುಕಿ.

ಸೊಪ್ಪಿಗೆ ಪುದೀನ, ಕೊತ್ತಂಬರಿ ಇದ್ದೇ ಇದೆ. ಥಾಯ್ ಬೇಸಿಲ್ ಅಂತ ದುಡ್ಡು ಸುರಿಯುವ ಬದಲು ಕಾಮಕಸ್ತೂರಿ ಹಾಕಿ, ಎರಡೂ ಒಂದೇ ಜಾತಿಯ ಗಿಡ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದೆಲಗ. ನಾವು ತಂಬುಳಿಗೂ ಚಟ್ನಿಗೂ ಅರೆಯುತ್ತೇವೆ, ಮಲೇಷ್ಯಾದಲ್ಲಿ ಹಸಿಯಾಗೇ ಸಲಾಡ್‌ಗೆ ಹಾಕುತ್ತಾರೆ. ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿದರೆ ಆ ತೆಳು ಕಹಿ ಸಿಗಡಿಯ ಸಿಹಿಗೆ ಸರಿಯಾಗಿ ಕೂರುತ್ತದೆ.

ಮೇಲಿನ ಗರಿಗರಿಗೆ ಕೆಫೆಗಳಲ್ಲಿ ಕರಿದ ವಾಂಟನ್ ಉದುರಿಸುತ್ತಾರೆ, ಅದು ಮೈದಾ. ಅಕ್ಕಿ ಹಪ್ಪಳ, ಹಲಸಿನ ಹಪ್ಪಳ, ಕೋರಿರೊಟ್ಟಿ ಮೂರನ್ನೂ ಇಟ್ಟು ತಿಂದೆವು. ಹಲಸಿನ ಹಪ್ಪಳದ ರುಚಿ ಬಲವಾಯಿತು, ಬೇರೆ ಯಾವುದೂ ನಾಲಿಗೆಗೆ ಗೊತ್ತಾಗಲಿಲ್ಲ. ಅಕ್ಕಿ ಹಪ್ಪಳ ಬೇಗ ಮೆತ್ತಗಾಯಿತು. ಕೋರಿರೊಟ್ಟಿಯೇ ಸರಿ. ತಿನ್ನಲಿಕ್ಕೆ ಕೂರುವ ಹೊತ್ತಿಗೆ ಕೈಯಲ್ಲಿ ಮುರಿದು ಹಾಕಿದರೆ ಒಂದು ತುದಿ ಸಾಸ್‌ನಲ್ಲಿ ನೆನೆದು, ಇನ್ನೊಂದು ತುದಿ ಕರುಂ ಅನ್ನುತ್ತದೆ. "ಅಮ್ಮಾ, ಇದು ವಾಂಟನ್‌ಗಿಂತ ಒಳ್ಳೆದುಂಟು" ಅಂದಳು ಮಗಳು. ಜೊತೆಗೆ ಹುರಿದು ಕುಟ್ಟಿದ ನೆಲಗಡಲೆ ಒಂದು ಹಿಡಿ.

ಹೊಟ್ಟೆ ತುಂಬಿಸುವುದು ಸಿಗಡಿ, ಮೊಟ್ಟೆ, ಟೋಫು. ಸಿಗಡಿಗೆ ಸಮ ಇಲ್ಲ. ತೆಂಗಿನೆಣ್ಣೆಯಲ್ಲಿ ಎರಡು ಮೂರು ನಿಮಿಷ, ಬಾಗಿ ಕೆಂಪಾದ ಕೂಡಲೇ ಇಳಿಸಿ. ಮೊಟ್ಟೆಯನ್ನು ತೆಳ್ಳಗೆ ಆಮ್ಲೆಟ್ ಮಾಡಿ ಸುತ್ತಿ ಕತ್ತರಿಸಿದರೆ ಅದೂ ಒಂದು ನೂಡಲ್ಸೇ. ಟೋಫುವನ್ನು ಮಾತ್ರ ಭಾರ ಇಟ್ಟು ನೀರು ಹಿಂಡಿ ಹುರಿಯಿರಿ, ಇಲ್ಲದಿದ್ದರೆ ಸಾಸ್ ನೀರಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಒಳ್ಳೆ ಸಿಗಡಿ ಸಿಗುವುದು ಕಷ್ಟ. ಆಗ ನಾನು ನೂಡಲ್ಸ್, ಶ್ಯಾವಿಗೆ ಎರಡನ್ನೂ ಬಿಟ್ಟು ಕುಚ್ಚಲಕ್ಕಿ ಅನ್ನಕ್ಕೆ ಹೋಗುತ್ತೇನೆ. ಮಲೇಷ್ಯಾದ ನಾಸಿ ಉಲಾಮ್ ಅಂದರೆ ಅನ್ನಕ್ಕೆ ಹಸಿ ಸೊಪ್ಪು, ಹುರಿದ ತೆಂಗಿನ ತುರಿ, ಒಣ ಸಿಗಡಿ ಕಲಸಿದ್ದು. ಇದರಲ್ಲಿ ನಮ್ಮ ಮನೆಯಲ್ಲಿ ಇಲ್ಲದ್ದು ಯಾವುದು ಹೇಳಿ! ಬೆಂದ ಅನ್ನವನ್ನು ಗಂಜಿ ಬಸಿದು, ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಇಡಿ. ತುಂಬಾ ಹೊತ್ತು ಹೊರಗೆ ಬಿಡಬೇಡಿ. ಕುಚ್ಚಲಕ್ಕಿ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ, ಬೆಳ್ತಿಗೆ ಅನ್ನದಲ್ಲಿ ಮುದ್ದೆಯಾಗುತ್ತದೆ. ತಲೆ, ಬಾಲ ತೆಗೆದು ಹುರಿದ ಒಣ ಸಿಗಡಿ, ಕಂದು ಬಣ್ಣಕ್ಕೆ ಹುರಿದ ತುರಿ, ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲಿನ ಬಿಳಿ ದಂಟು, ಒಂದೆಲಗ, ಲಿಂಬೆ. ಮಜ್ಜಿಗೆ ಹುಲ್ಲನ್ನು ಆದಷ್ಟು ತೆಳ್ಳಗೆ ಹೆಚ್ಚಿ, ನಾರು ಹಲ್ಲಿಗೆ ಸಿಕ್ಕಿದರೆ ಯಾರೂ ಎರಡನೇ ತುತ್ತು ತಿನ್ನುವುದಿಲ್ಲ.